ತಾರ್ನಾಕ ರೂಟಿನ ಕಾವಲು

ತಾರ್ನಾಕ, ಹೈದರಾಬಾದು
16 ಏಪ್ರಿಲ್ 2006

ನಿರೀಕ್ಷಾಗೆ,

ಕ್ಷೇಮಸಮಾಚಾರದ ಸಾಲನ್ನು ಬಿಟ್ಟಿದ್ದೇನೆ. ಬರೆದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಬೇಕಾಗುತ್ತದೆ. ಪುಣೆಯ ವಿಳಾಸ ಕೊಟ್ಟವರು ನಿನ್ನ ತಾಯಿ ಗದಿಗೆಮ್ಮನವರು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವರಿಗೆ ಇನ್ನೂ ಏನೂ ಗೊತ್ತಿಲ್ಲವೆಂದು ತಿಳಿಯಿತು. ನೀನು ಫೋನ್ ಎತ್ತುತ್ತಿಲ್ಲ. ಆಫೀಸಿನ ಮೇಲ್‌ನಲ್ಲಿ ಬರೆದದ್ದನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ. ಆದ್ದರಿಂದ ಕಾಗದ.

ನೀನು ಹೋದ ಮೇಲೆ ನಮ್ಮ ರೂಟಿನಲ್ಲಿ ಆದದ್ದನ್ನು ಹೇಳುತ್ತೇನೆ. ಬೆಳಗಿನ ಶಿಫ್ಟಿನ ಕ್ಯಾಬಿನಲ್ಲಿ ಹೆಣ್ಣುಮಗಳೊಬ್ಬಳೇ ಡ್ರೈವರನ ಜೊತೆ ಇರಕೂಡದೆಂಬ ನಿಯಮ ನಿನಗೆ ಗೊತ್ತು. ಗಂಡಸು ಸಹೋದ್ಯೋಗಿಯೊಬ್ಬ ಮೊದಲೇ ಹತ್ತಿರಬೇಕು. ಇಲ್ಲವಾದರೆ ಸೆಕ್ಯುರಿಟಿ ಗಾರ್ಡ್ ಬರಬೇಕು. ಹಾಗಾಗಿ ತಾರ್ನಾಕದಲ್ಲಿ ನನ್ನನ್ನು ಮೊದಲು ಹತ್ತಿಸಿಕೊಂಡು ಆಮೇಲೆ ನಿನ್ನ ಗಲ್ಲಿಗೆ ಬರುತ್ತಿದ್ದರು. ಆ ಗಂಡಸು ನಾನಾಗಿದ್ದೆ. ‘ಕಾಕಾ, ನೀವ್ ಇದ್ರ ನಮ್ಮವ್ವಗ ನಿದ್ದಿ ಬರ್ತೈತಿ ನೋಡ್ರಿ’ ಎನ್ನುತ್ತಿದ್ದೆ ನೀನು.

ಈಗ ನಿನ್ನ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಹತ್ತುತ್ತಾಳೆ. ಅವಳು ಸೇರಿದ ದಿನ ಕ್ಯಾಬಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ಗಾರ್ಡ್ ಕೂತಿದ್ದ. ಹಂಪಯ್ಯ ಅಂತ, ದೇವದುರ್ಗದ ಕಡೆಯವನು. ನಾನಿರುವಾಗ ಗಾರ್ಡ್ ಯಾಕೆ ಎಂದು ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿ ಕೇಳಿದೆ. ಅಲ್ಲಿದ್ದವನು ಕಂಪ್ಯೂಟರಿನಿಂದ ಮುಖ ಎತ್ತದೆ, ‘ನಿಮ್ಮನ್ನು ಮೇಲ್ ಎಸ್ಕಾರ್ಟ್, ಜೊತೆಗಿರೋ ಗಂಡಸು ಅಂತ ಹಿಡಿಯೋ ಹಾಗಿಲ್ಲ ಸರ್, ಮೇಲಿನವರು ಹೇಳಿದ್ದಾರೆ’ ಎಂದ. ಪಕ್ಕದವನು ಕೆಮ್ಮಿದ. ನಗು ಬಾಯಿಗೆ ಬಂದಾಗ ಅದನ್ನು ಕೆಮ್ಮು ಮಾಡುವಷ್ಟು ತರಬೇತಿಯನ್ನು ನಮ್ಮ ಕಂಪನಿ ಎಲ್ಲರಿಗೂ ಕೊಟ್ಟಿದೆ.

ಅವರಿಗೆ ಹೇಗೆ ಗೊತ್ತಾಯಿತು ಎಂದು ಒಂದು ವಾರ ಯೋಚಿಸಿದೆ. ಫೆಬ್ರವರಿಯ ಆ ಮಧ್ಯಾಹ್ನ, ಶಿಫ್ಟ್ ಮುಗಿಸಿ ಬರುವಾಗ, ನೀನು ನಿನ್ನ ತಾಯಿಯ ಪರವಾಗಿ ಹೆಣ್ಣಿನ ಮಾತು ತಂದೆ. ಶಹಾಪುರದ ನಿನ್ನ ಚಿಕ್ಕಮ್ಮನ ಮಗಳು, ಗಂಡ ಸತ್ತವಳು. ‘ಎಷ್ಟ್ ದಿನ ಒಬ್ರ ಇರ್ತೀರಿ?’ ಎಂದು ಕೇಳಿದೆ ನೀನು. ನಾನು ಒಬ್ಬನಿಲ್ಲ, ಅಮರಯ್ಯನ ಜೊತೆ ಇದ್ದೇನೆ ಎಂದೆ. ‘ಅಂದ್ರ?’ ಎಂದೆ ನೀನು. ಗಂಡ ಹೆಂಡತಿ ಹೇಗಿರುತ್ತಾರೋ ಹಾಗೆ ಎಂದೆ. ಡ್ರೈವರ್ ತೆಲುಗಿನವನು. ಮುಂದಿನ ಸೀಟಿನಲ್ಲಿ ನಮ್ಮ ರೂಟಿನ ಪವನ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದ. ಈ ಊರಿನ ಕನ್ನಡಿಗರಾದ ನಮಗೆ ಒಂದು ಚಾಳಿಯಿದೆ: ಕನ್ನಡದಲ್ಲಿ ಮಾತಾಡಿದರೆ ಬಾಗಿಲು ಹಾಕಿಕೊಂಡ ಹಾಗೆ ಎಂದು ತಿಳಿಯುತ್ತೇವೆ. ಬಾಲಾನಗರದ ಕ್ವಾರ್ಟರ್ಸಿನಲ್ಲಿ ಬೆಳೆದಾಗಿನಿಂದ ನನಗೂ ಅದೇ ಭ್ರಮೆ. ಪವನ ಗದ್ವಾಲದವನು. ಅವನ ಅಜ್ಜಿಯ ಮನೆ ರಾಯಚೂರಿನಲ್ಲಿದೆ. ಮೂರು ವರ್ಷ ನಮ್ಮ ಮಾತನ್ನೆಲ್ಲ ಕೇಳುತ್ತಲೇ ಬಂದಿದ್ದಾನೆ.

ಆದ್ದರಿಂದ ಹರಡಿದವಳು ನೀನೆಂದು ನಾನು ತಿಳಿದಿಲ್ಲ. ಕೇಳುವುದು ಬೇರೆ. ಎಚ್‌ಆರ್‌ನ ಶ್ರೀಲತಾ ಮೊನ್ನೆ ನನ್ನನ್ನು ಕರೆದು, ‘ಲೇಡಿ ಕಲೀಗ್ ಒಬ್ಬರು ಅನ್‌ಕಂಫರ್ಟಬಲ್ ಆಗಿದ್ದರು ಅಂತ ಹೇಳಿದ್ದಾರೆ’ ಎಂದರು. ಆ ಕ್ಯಾಬಿನಲ್ಲಿ ಇದ್ದ ಹೆಣ್ಣುಮಗಳು ನೀನೊಬ್ಬಳೇ.

ಹೇಳಿದೆಯಾ?

ನರಹರಿ

•

ಪುಣೆ
2 ಮೇ 2006

ಮಾನ್ಯ ನರಹರಿ ಸರ್ ಅವರಿಗೆ,

ನಿಮ್ಮ ಪತ್ರ ಬಂತು. ಗೆಸ್ಟ್‌ಹೌಸಿನ ವಾಚ್‌ಮನ್ ಎಲ್ಲರೆದುರು ಕೊಟ್ಟ, ಈಗ ಯಾರಿಗೂ ಕಾಗದ ಬರುವುದಿಲ್ಲವಲ್ಲ, ರೂಮ್‌ಮೇಟ್‌ಗಳು ತಮಾಷೆ ಮಾಡಿದರು. ಇಲ್ಲಿ ಕೆಲಸ ಬಹಳ. ಊಟಕ್ಕೆ ಜೋಳದ ಭಕ್ರಿ ಸಿಗುತ್ತದೆ, ಆದರೆ ಅವ್ವ ಮಾಡಿದ ಹಾಗಿಲ್ಲ. ಮ್ಯಾನೇಜರ್ ಒಳ್ಳೆಯವರು.

ಈ ವಿಷಯವನ್ನು ದೊಡ್ಡದು ಮಾಡಬೇಡಿ ಸರ್. ಶ್ರೀಲತಾ ಮೇಡಂ ಕೆಟ್ಟವರಲ್ಲ. ನೀವು ಶಿಫ್ಟ್ ಬದಲಾಯಿಸಿಕೊಂಡರೆ ಕ್ಯಾಬಿನ ತೊಂದರೆಯೇ ಇರುವುದಿಲ್ಲ. ಸ್ವಲ್ಪ ದಿನ ಸುಮ್ಮನಿದ್ದರೆ ಜನ ಮರೆಯುತ್ತಾರೆ.

ಅವ್ವನಿಗೆ ದಯವಿಟ್ಟು ಏನೂ ಹೇಳಬೇಡಿ. ಹುಬ್ಬಳ್ಳಿಯ ಒಂದು ಸಂಬಂಧ ಮಾತಾಡುತ್ತಿದ್ದಾರೆ. ಅವರಿಗೆ ನಾನು ಕೆಲಸ ಮಾಡುವುದೇ ಅಷ್ಟಾಗಿ ಇಷ್ಟವಿಲ್ಲ.

ನೀವು ನನಗೆ ಅದನ್ನು ಹೇಳಬಾರದಿತ್ತು. ನಾನು ಅಷ್ಟು ಕೇಳಿರಲಿಲ್ಲ.

ಇಂತಿ,
ನಿರೀಕ್ಷಾ

•

ತಾರ್ನಾಕ
21 ಮೇ 2006

ನಿರೀಕ್ಷಾ,

ಒಂದೇ ಪ್ರಶ್ನೆ ಕೇಳಿದ್ದೆ. ಭಕ್ರಿಯ ವಿಷಯ ಬರೆದೆ. ‘ಸರ್’ ಎಂದು ಬರೆದೆ. ಅದನ್ನೇ ಉತ್ತರವೆಂದು ಇಟ್ಟುಕೊಳ್ಳಬಹುದಿತ್ತು, ಆದರೆ ಈಗ ಹಾಗೆ ಇಟ್ಟುಕೊಂಡು ಕೂರುವಂತಿಲ್ಲ.

ಜನ ಮರೆಯುತ್ತಾರೆ ಎಂದಿದ್ದೀಯ. ಅವರ ನೆನಪನ್ನು ನಾನು ದಿನಾ ನೋಡುತ್ತಿದ್ದೇನೆ. ಅದು ಅವರ ಕೈಗಳಲ್ಲಿದೆ. ಪವನ ಬೇಗಂಪೇಟೆಯಲ್ಲಿ ಹತ್ತುವ ಮೊದಲು ಕಿಟಕಿಯಿಂದ ನಾನೆಲ್ಲಿ ಕೂತಿದ್ದೇನೆಂದು ನೋಡಿಕೊಳ್ಳುತ್ತಾನೆ. ಒಂದು ದಿನ ಮುಂದಿನ ಸೀಟು ಖಾಲಿಯಿಲ್ಲದೆ ನನ್ನ ಪಕ್ಕ ಕೂರಬೇಕಾಯಿತು. ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು ಸೀಟ್‌ಬೆಲ್ಟಿನ ಕೊಕ್ಕೆಯನ್ನು ಒರೆಸಿದ. ಒರೆಸಿ ನನ್ನ ಕಡೆ ನೋಡಿ, ‘ಡಸ್ಟ್’ ಎಂದ. ಹೇಸಿಗೆಗೂ ಒಂದು ಶಿಷ್ಟಾಚಾರವಿದೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಿಂದ ಯಾರೂ ಎದ್ದು ಹೋಗುವುದಿಲ್ಲ. ಊಟ ಮುಗಿಯುವ ವೇಗ ಮಾತ್ರ ಹೆಚ್ಚುತ್ತದೆ. ಅವರ ಈ ಹೇಸಿಗೆಯನ್ನು ನೋಡಿ ನೋಡಿ ನನಗೆ ಅವರ ಬಗ್ಗೆ ಹುಟ್ಟಿರುವುದು ಸಿಟ್ಟಲ್ಲ, ಅದೂ ಹೇಸಿಗೆಯೇ. ತುಟಿಯ ಅಂಚಿನಲ್ಲಿ ಅನ್ನದಗುಳು ಅಂಟಿಸಿಕೊಂಡು ನೀತಿಯ ಮಾತಾಡುವವರನ್ನು ನೋಡಿದರೆ ಆಗುವಂಥದ್ದು.

ಹಂಪಯ್ಯ ಮಾತ್ರ ಬೇರೆ. ಎರಡನೆಯ ದಿನವೇ ಕೇಳಿದ: ‘ಏನ್ರಿ ಸರ, ನನ್ನ ಈ ಅಕ್ಕಾರ್ನ ಕಾಯಾಕ ಹಾಕ್ಯಾರೋ ನಿಮ್ಮನ್ನ ಕಾಯಾಕ ಹಾಕ್ಯಾರೋ? ಸೂಪರ್‌ವೈಜರ್ ಸರಿ ಹೇಳವಲ್ಲ. ಬರೇ ನಗತಾನ.’

‘ನನಗೂ ಹೇಳಿಲ್ಲಪ’ ಎಂದೆ.

‘ಹಂಗಾರ ಇಬ್ರೂ ಸುಮ್ಮನ ಕುಂದ್ರೂಣು’ ಎಂದು ನಿದ್ದೆ ಹೋದ. ಅವನದು ಎರಡು ಡ್ಯೂಟಿ. ಪಂಜಗುಟ್ಟದ ತಿರುವಿನಲ್ಲಿ ಅವನ ತಲೆ ನನ್ನ ಭುಜಕ್ಕೆ ಬೀಳುತ್ತದೆ. ಹೊಸ ಹುಡುಗಿ ಅದನ್ನು ಕಣ್ಣಗಲಿಸಿ ನೋಡುತ್ತಾಳೆ.

ಈಗ ಮುಖ್ಯ ವಿಷಯ. ನಾನು ಗಾರ್ಡಿನ ಬಗ್ಗೆ ಮೇಲಿನವರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಅದಾದ ಮರುವಾರ ನನ್ನನ್ನು ವಿಮಾನದ ಡಿಸ್‌ಪ್ಲೇ ಪ್ರಾಜೆಕ್ಟಿನಿಂದ ತೆಗೆದರು. ಕ್ಲೈಂಟ್ ಬರುತ್ತಾರೆ, ನಾನು ಎದುರಿಗಿದ್ದರೆ ಸರಿಯಲ್ಲವಂತೆ. ಹದಿನೈದು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ಅದೇ ಡಿಸ್‌ಪ್ಲೇಗಳನ್ನು ಪರೀಕ್ಷೆ ಮಾಡಿದವನೆಂದೇ ನನ್ನನ್ನು ಕರೆತಂದವರು ಇವರು. ಆಮೇಲೆ ಶ್ರೀಲತಾ ಕರೆಸಿದರು. ಅವರ ಕೋಣೆಯಲ್ಲಿ ನಿಂಬೆಯ ವಾಸನೆಯ ಸ್ಪ್ರೇ ಹೊಡೆದಿದ್ದರು, ಹೊಸದಾಗಿ. ನೀರಿನ ಬಾಟಲಿಯನ್ನು ಫೈಲಿನ ಅಂಚಿನಿಂದ ನನ್ನ ಕಡೆ ತಳ್ಳಿದರು.

‘ಸರ್, ನಾವು ನಿಮ್ಮ ಪರ್ಸನಲ್ ಲೈಫಿಗೆ ಬರುತ್ತಿಲ್ಲ. ಅದಕ್ಕೆ ಕಾನೂನಿನಲ್ಲಿ ಸೆಕ್ಷನ್ ಇದೆ, ನಿಮಗೂ ಗೊತ್ತು, ಆ ಕಡೆ ನಾವು ನೋಡುತ್ತಲೂ ಇಲ್ಲ. ಇದು ಬೇರೆ ವಿಷಯ. ಕಂಪನಿ ವಾಹನದಲ್ಲಿ ಹೆಣ್ಣುಮಗಳ ಜೊತೆ ಅನುಚಿತ ಸಂಭಾಷಣೆ.’

ನಾನು ಆ ವಾಕ್ಯವನ್ನು ಮತ್ತೊಮ್ಮೆ ಹೇಳಿಸಿದೆ. ‘ಹಾಗಾದರೆ ಗಾರ್ಡ್ ಯಾಕೆ ಬಂದ?’ ಎಂದೆ. ‘ಲೇಡೀಸ್ ಸೇಫ್ಟಿಗೆ ಗಂಡಸು ಬೇಕಲ್ಲ ಸರ್’ ಎಂದರು. ಅವರಿಗೆ ತಾವು ಹೇಳಿದ್ದು ಕೇಳಿಸಲಿಲ್ಲ. ಏಪ್ರಿಲ್‌ನಲ್ಲಿ ನಾನು ಗಂಡಸರ ಲೆಕ್ಕದಲ್ಲಿ ಇರಲಿಲ್ಲ. ಮೇ ತಿಂಗಳಲ್ಲಿ ಹೆಂಗಸರಿಗೆ ತೊಂದರೆ ಕೊಡುವ ಗಂಡಸಾಗಿದ್ದೇನೆ.

ನಾನೇ ರಾಜೀನಾಮೆ ಕೊಟ್ಟರೆ ಒಳ್ಳೆಯ ರಿಲೀವಿಂಗ್ ಲೆಟರ್ ಕೊಡುತ್ತಾರಂತೆ. ಇಲ್ಲದಿದ್ದರೆ ಜುಲೈಯಲ್ಲಿ ವಿಚಾರಣೆ. ಆರೋಪ ನಿಂತರೆ ಅದನ್ನು ಕಾರಣವಾಗಿ ಬರೆದು ಕಳಿಸುತ್ತಾರೆ. ಮುಂದೆ ಎಲ್ಲಿ ಕೆಲಸ ಕೇಳಿದರೂ ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಾನು ಏನಾಗಿದ್ದೇನೋ ಅದಕ್ಕಾಗಿ ತೆಗೆದಿದ್ದರೆ ಹೊರಗೆ ಹೋಗಿ ಹಾಗೆಂದು ಹೇಳಬಹುದಿತ್ತು. ನಾನು ಏನಲ್ಲವೋ ಅದಕ್ಕಾಗಿ ತೆಗೆಯುತ್ತಾರೆ. ಮಗಳ ವಯಸ್ಸಿನವಳನ್ನು ಕಾಡಿದವನೆಂಬ ಹೆಸರಿನಲ್ಲಿ.

ರಾಜೀನಾಮೆ ಕೊಡುವುದಿಲ್ಲವೆಂದು ಹೇಳಿ ಬಂದೆ. ಆದರೆ ಅವರ ಕೈಯಲ್ಲಿರುವುದು ನಿನ್ನ ಒಂದು ಮಾತು. ಅದೇನೆಂದು ನನಗೆ ಇನ್ನೂ ಗೊತ್ತಿಲ್ಲ.

ನರಹರಿ

•

ತಾರ್ನಾಕ
11 ಜೂನ್ 2006

ನಿರೀಕ್ಷಾ,

ನೀನು ಬರೆಯಲಿಲ್ಲ. ನಿನ್ನ ತಾಯಿ ಬಂದಿದ್ದರು. ನೀನೇ ಹೇಳಿರಬೇಕು, ಅಥವಾ ಅವರೇ ನಿನ್ನ ಬಾಯಿ ಬಿಡಿಸಿರಬೇಕು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದವನು ಅಮರಯ್ಯ, ಲುಂಗಿಯಲ್ಲಿ, ಕೈಯಲ್ಲಿ ಅರ್ಧ ಹೆಚ್ಚಿದ ಹೀರೆಕಾಯಿ ಹಿಡಿದುಕೊಂಡು.

‘ನೀನ ಏನು ಅಂವ?’ ಎಂದರು ಗದಿಗೆಮ್ಮನವರು, ಹೊಸ್ತಿಲಲ್ಲೇ.

‘ಹೌದ್ರಿ ಅಕ್ಕಾರ. ಒಳಗ ಬರ್ರಿ. ಚಾ ಮಾಡ್ತೀನಿ.’

‘ನಿಮ್ಮನಿ ಚಾ ಕುಡ್ಯಾಕ ಬಂದಿಲ್ಲ ನಾ.’

ಆದರೂ ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು, ಸೆರಗನ್ನು ಮಡಿಲಲ್ಲಿ ಸುತ್ತಿಕೊಂಡು, ಬಟ್ಟೆ ಯಾವುದಕ್ಕೂ ತಾಗದ ಹಾಗೆ. ಮನೆಯನ್ನೆಲ್ಲ ಕಣ್ಣಲ್ಲೇ ಗುಡಿಸಿದರು. ಏನನ್ನು ಹುಡುಕುತ್ತಿದ್ದರೋ ಅದು ಸಿಗಲಿಲ್ಲವೆಂದು ಕಾಣುತ್ತದೆ. ಕೊನೆಗೆ, ‘ಅಡಗಿ ಯಾರು ಮಾಡ್ತೀರಿ?’ ಎಂದರು.

‘ನಾನರಿ’ ಎಂದ ಅಮರಯ್ಯ. ‘ಇವ್ರು ಮಾಡಿದ್ರ ನಾಯೀನೂ ಮೂಸಂಗಿಲ್ಲ.’

ಅವರ ಮುಖದಲ್ಲಿ ನಗು ಬಂದು ಅರ್ಧಕ್ಕೆ ಹಿಂದೆ ಹೋಯಿತು. ಆ ಸಿಟ್ಟನ್ನೂ ನನ್ನ ಮೇಲೆ ಹಾಕಿದರು. ‘ಏನ್ ನರಹರಿ, ನಿನಗ ನಾ ನಮ್ಮ ತಂಗಿ ಮಗಳನ್ನ ತಂದು ಕಟ್ಟಾಕ ನಿಂತಿದ್ದೆಲ್ಲೊ! ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ. ಎಷ್ಟ್ ಸಲ ನಮ್ಮನ್ಯಾಗ ಉಂಡಿ, ಒಂದ್ ಮಾತು ಹೇಳಿದ್ಯಾ? ಹೇಸಿಗಿ ಬರ್ತೈತಿ ನನಗ. ಹೇಳಾಕೂ ಬರಂಗಿಲ್ಲ, ಬಿಡಾಕೂ ಬರಂಗಿಲ್ಲ.’

‘ಈಗ ಹೇಳೀರಲ್ರಿ.’

‘ನಗಬ್ಯಾಡ. ಕೇಳು. ನನ್ನ ಮಗಳ ಹೆಸರು ಆ ಕಮಿಟಿಯೊಳಗ ಬರಬಾರ್ದು. ಹುಬ್ಬಳ್ಳಿಯವ್ರು ಮದ್ಲಿಗೆ ಕೇಳಿದ್ದು ಇದ, ಆಫೀಸಿನ್ಯಾಗ ಏನರ ಲಫಡಾ ಐತೇನಂತ. ನೀ ನೌಕರಿ ಬಿಡು. ನಿನಗೇನು, ಗಂಡಸು, ಇನ್ನೊಂದು ಸಿಗತೈತಿ.’

ಗಂಡಸು ಎಂದದ್ದನ್ನು ಅವರು ಗಮನಿಸಲಿಲ್ಲ. ಅಮರಯ್ಯ ಗಮನಿಸಿದ. ಹೀರೆಕಾಯಿ ಹೆಚ್ಚುವ ಸದ್ದು ನಿಂತಿತು.

ಹೋಗುವಾಗ ಮೆಟ್ಟಿಲಿನಲ್ಲಿ ನಿಂತು ಹೇಳಿದರು: ‘ಅಕಿ ನಿನ್ನ ಬಗ್ಗೆ ಕೆಟ್ಟದ್ದೇನೂ ಹೇಳಿಲ್ಲ. ಅವ್ರು ಕೇಳ್ಯಾರ, ಅಕಿ ಹೌದು ಅಂದಾಳ. ಅಷ್ಟ.’

ಅಂತೂ ನಿನ್ನ ಉತ್ತರ ಬಂತು, ಹತ್ತಿರ ಹತ್ತಿರ ಎರಡು ತಿಂಗಳ ನಂತರ, ನಿನ್ನ ತಾಯಿಯ ಬಾಯಿಯಿಂದ.

ಅಮರಯ್ಯನದು ರೈಲ್ವೆ ನೌಕರಿ. ಆ ರಾತ್ರಿ ಊಟದ ಹೊತ್ತಿಗೆ, ‘ನೀ ಕಮಿಟಿ ಮುಂದ ಏನ್ ಬೇಕಾದ್ರೂ ಮಾತಾಡು, ನನ್ನ ಹೆಸರು ತಗೀಬ್ಯಾಡ’ ಎಂದ. ನಿನ್ನ ತಾಯಿ ನಿನ್ನ ಹೆಸರು ಬರಬಾರದೆಂದರು. ಇಷ್ಟು ಜನ ಇರುವ ಕಥೆಯಲ್ಲಿ ಹೇಳಬಹುದಾದ ಹೆಸರು ನನ್ನದೊಂದೇ. ಅಮರಯ್ಯನ ಮೇಲೆ ನನಗೆ ಬೇಸರವಿಲ್ಲ. ಬೇಸರವಿಲ್ಲವೆಂದು ಎರಡು ಸಲ ಅವನಿಗೆ ಹೇಳಿದೆ, ಎರಡನೆಯ ಸಲ ಹೇಳಬಾರದಿತ್ತು.

ನರಹರಿ

•

ಪುಣೆ
25 ಜೂನ್ 2006

ನರಹರಿ ಸರ್,

ಹೌದು ಅಂದೆ.

ಆ ದಿನ ಶ್ರೀಲತಾ ಮೇಡಂ ಕರೆದು ಮೊದಲು ಪುಣೆಯ ವಿಷಯ ಮಾತಾಡಿದರು. ನಾನು ಎರಡು ವರ್ಷದಿಂದ ಕೇಳುತ್ತಿದ್ದೆನಲ್ಲ, ನಿಮಗೆ ಗೊತ್ತು. ಆಯ್ತು ಅಂದರು. ಆಮೇಲೆ ಕಾಫಿ ತರಿಸಿದರು. ಆಮೇಲೆ, ಪವನ ಹೀಗೆ ಹೇಳುತ್ತಿದ್ದಾನೆ, ನರಹರಿಯವರು ನಿನ್ನ ಹತ್ತಿರ ಅದನ್ನು ಮಾತಾಡಿದರಂತೆ, ನಿನಗೆ ಅನ್‌ಕಂಫರ್ಟಬಲ್ ಆಯಿತಾ ಎಂದರು. ಹೌದು ಅಂದೆ. ಅವರು ಇನ್ನೇನೂ ಕೇಳಲಿಲ್ಲ. ಏನೋ ಟೈಪ್ ಮಾಡಿದರು. ನಾನು ಕಾಫಿ ಕುಡಿದು ಬಂದೆ.

ಇದು ಸುಳ್ಳಾಗಿದ್ದರೆ ನಿಮಗೆ ಬರೆಯುವುದು ಸುಲಭವಿತ್ತು. ಅವರು ಹೆದರಿಸಿ ಹೇಳಿಸಿದರು ಎಂದು ಬರೆಯಬಹುದಿತ್ತು. ಯಾರೂ ಹೆದರಿಸಲಿಲ್ಲ. ಆ ಮಧ್ಯಾಹ್ನ ನೀವು ಹೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ, ಆಮೇಲೆ ನನ್ನ ಬ್ಯಾಗನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ. ನೀವು ಅದನ್ನು ನೋಡಿದಿರಿ. ನೋಡಿಯೂ, ಟ್ಯಾಂಕ್‌ಬಂಡಿನ ಮೇಲೆ ಎಷ್ಟು ಗಾಳಿ ಎಂದಿರಿ. ನಿಮ್ಮ ಮೂರು ಪತ್ರಗಳಲ್ಲೂ ಬ್ಯಾಗಿನ ವಿಷಯ ಇಲ್ಲ. ಪವನನ ಟಿಶ್ಯೂ ಬಗ್ಗೆ ಬರೆದಿರಿ, ಮೇಡಂ ಬಾಟಲಿ ತಳ್ಳಿದ್ದನ್ನು ಬರೆದಿರಿ. ಬ್ಯಾಗನ್ನು ಬಿಟ್ಟಿರಿ. ಓದುವಾಗ ನನಗೆ ಅದೇ ಕಾಣುತ್ತಿತ್ತು.

ನನಗೆ ಹೇಸಿಗೆಯಾಗಿತ್ತು ಸರ್. ನಿಮ್ಮ ಜೊತೆ ಎಷ್ಟು ಸಲ ಒಂದೇ ಡಬ್ಬಿಯಲ್ಲಿ ತಿಂದಿದ್ದೇನೆ ಎಂದು ನೆನಪು ಮಾಡಿಕೊಂಡೆ. ಅಂಥದ್ದು ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಕಮಿಟಿಯವರು ಫೋನಿನಲ್ಲಿ ನನ್ನನ್ನು ಕೇಳುತ್ತಾರಂತೆ. ಏನು ಹೇಳುತ್ತೇನೆಂದು ನನಗೆ ಗೊತ್ತಿಲ್ಲ. ಹುಬ್ಬಳ್ಳಿಯವರು ಶ್ರಾವಣದಲ್ಲಿ ಮಾತು ಮುಗಿಸೋಣ ಅಂದಿದ್ದಾರೆ.

ನಿರೀಕ್ಷಾ

•

ತಾರ್ನಾಕ
5 ಜುಲೈ 2006

ನಿರೀಕ್ಷಾ,

ಬ್ಯಾಗನ್ನು ನೋಡಿದ್ದೆ. ಬರೆಯದೆ ಇದ್ದದ್ದು ನಿನ್ನ ಮೇಲಿನ ಔದಾರ್ಯದಿಂದಲ್ಲ. ಅದನ್ನು ಬರೆದಿದ್ದರೆ ನಿನ್ನನ್ನೂ ಪವನನ ಸಾಲಿನಲ್ಲಿ ಕೂರಿಸಬೇಕಾಗುತ್ತಿತ್ತು. ಹಾಗೆ ಕೂರಿಸಿದ ಮೇಲೆ ಕಾಗದ ಬರೆಯಲು ಯಾರೂ ಉಳಿಯುತ್ತಿರಲಿಲ್ಲ.

ನಿನ್ನ ಪತ್ರ ಓದಿ ನನಗೆ ಒಂದು ಬಗೆಯ ನಿರಾಳವಾಯಿತು. ಈ ನಾಲ್ಕು ತಿಂಗಳಲ್ಲಿ ಆ ಪದವನ್ನು ನನಗೆ ನೇರವಾಗಿ ಹೇಳಿದವರು ಇಬ್ಬರೇ, ನೀನು ಮತ್ತು ನಿನ್ನ ತಾಯಿ. ಉಳಿದವರು ‘ಕಂಫರ್ಟ್’ ಎನ್ನುತ್ತಾರೆ, ‘ಸೆನ್ಸಿಟಿವ್’ ಎನ್ನುತ್ತಾರೆ, ‘ನಿಮ್ಮ ಒಳ್ಳೆಯದಕ್ಕೇ’ ಎನ್ನುತ್ತಾರೆ. ಆ ಮಾತುಗಳ ಮೇಲೂ ಯಾರೋ ನಿಂಬೆಯ ಸ್ಪ್ರೇ ಹೊಡೆದಿದ್ದಾರೆ.

ಇದೇ ಇಪ್ಪತ್ತನೆಯ ತಾರೀಖು ವಿಚಾರಣೆ. ನೀನು ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ. ನಿನಗೆ ಕಳೆದುಕೊಳ್ಳಲು ಏನಿದೆಯೆಂದು ಬಲ್ಲೆ. ನನಗೇನಿದೆಯೆಂದು ನೀನು ಬಲ್ಲೆ.

ನರಹರಿ

•

ತಾರ್ನಾಕ
23 ಜುಲೈ 2006

ನಿರೀಕ್ಷಾ,

ನೀನು ಹೇಳಿದ್ದು ನಿನಗೆ ಗೊತ್ತು. ಕೋಣೆಯಲ್ಲಿ ಏನಾಯಿತೆಂಬುದು ಗೊತ್ತಿರಲಾರದು.

ಶ್ರೀಲತಾ ಇದ್ದರು, ವೈಸ್ ಪ್ರೆಸಿಡೆಂಟ್ ಇದ್ದರು, ಹೊರಗಿನಿಂದ ಕರೆಸಿದ ಒಬ್ಬ ವಕೀಲರಿದ್ದರು. ಸಾಕ್ಷಿಯೆಂದು ಪವನ ಒಂದು ಮೂಲೆಯಲ್ಲಿದ್ದ. ಉದ್ದ ಮೇಜಿನ ನಡುವೆ ಸ್ಪೀಕರ್‌ಫೋನು. ನಿನ್ನ ದನಿ ಬರುವ ಮೊದಲು ಖರ್ರೆಂದು ಸದ್ದು ಬಂದಾಗ ಎಲ್ಲರೂ ಅದನ್ನೇ ನೋಡಿದರು, ನೀನು ಅದರೊಳಗಿರುವ ಹಾಗೆ.

ವಕೀಲರು ನಿನ್ನನ್ನು ಕೇಳಿದರು, ಮುಟ್ಟಿದರೇ? ಇಲ್ಲ ಎಂದೆ. ಅಸಭ್ಯವಾಗಿ ಮಾತಾಡಿದರೇ? ಇಲ್ಲ ಎಂದೆ. ಹಾಗಾದರೆ ನೀವು ಮಾರ್ಚ್ ತಿಂಗಳಲ್ಲಿ ಹೌದು ಎಂದದ್ದು ಏಕೆ? ಶ್ರೀಲತಾ ಫೋನಿನ ಕಡೆ ಬಾಗಿ, ‘ನಿರೀಕ್ಷಾ, ಟೇಕ್ ಯುವರ್ ಟೈಮ್, ಯಾರಿಗೂ ಹೆದರಬೇಡ’ ಎಂದರು. ಆ ದನಿಯ ಸಿಹಿ ನನ್ನ ಹಲ್ಲಿಗೆ ಅಂಟಿಕೊಂಡಿತು.

ಆಮೇಲೆ ನೀನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ, ಮರೆಯಬಾರದೆಂದು. ‘ನೀವು ನನಗೆ ಹೇಗಾಯಿತು ಎಂದು ಕೇಳಿದಿರಿ. ಹೇಸಿಗೆಯಾಯಿತು. ಅದು ನನ್ನೊಳಗೆ ಆದದ್ದು, ಅವರು ಮಾಡಿದ್ದಲ್ಲ. ಹೆಣ್ಣು ನೋಡುತ್ತೇವೆ ಎಂದು ಮಾತು ತೆಗೆದವಳು ನಾನು. ಅವರು ಉತ್ತರ ಕೊಟ್ಟರು. ನನ್ನ ಹೇಸಿಗೆಗೆ ಅವರ ಕೆಲಸ ಯಾಕೆ ತೆಗೆಯುತ್ತೀರಿ? ಬೇಕಾದರೆ ನನ್ನದು ತೆಗೆಯಿರಿ.’

ಅಷ್ಟು ಜನರ ಎದುರು, ನನ್ನನ್ನು ಕಂಡು ಹೇಸಿಗೆಯಾಯಿತೆಂದು ದೊಡ್ಡ ದನಿಯಲ್ಲಿ ಹೇಳಿಸಿಕೊಂಡು ನಾನು ಪಾರಾದೆ. ಪಾರಾಗುವ ದಾರಿ ಹೀಗಿರುತ್ತದೆಂದು ಯಾರು ಊಹಿಸಿದ್ದರು? ಆದರೂ ಆ ಕೋಣೆಯಲ್ಲಿ ಅಂದು ಆಡಿದ ಮಾತುಗಳಲ್ಲಿ ಕೈಯಿಂದ ಮುಟ್ಟಬಹುದಾದದ್ದು ಅದೊಂದೇ.

ಆಮೇಲೆ ನೀನು ಕನ್ನಡಕ್ಕೆ ಹೊರಳಿದೆ. ‘ಕಾಕಾ, ಅಲ್ಲೇ ಅದೀರೇನ್ರಿ?’

ನಾನು ಬಾಯಿ ತೆರೆಯುವ ಮೊದಲೇ ವಕೀಲರು, ‘ಏನಂದರು? ಯಾವ ಭಾಷೆ?’ ಎಂದರು. ವೈಸ್ ಪ್ರೆಸಿಡೆಂಟ್ ಪವನನ ಕಡೆ ತಿರುಗಿ, ‘ನಿನಗೆ ಬರುತ್ತದಲ್ಲ, ಹೇಳು’ ಎಂದರು. ಪವನ ಎದ್ದು ನಿಂತ, ಶಾಲೆಯ ಹುಡುಗನ ಹಾಗೆ. ‘ಅವರು ಇಲ್ಲಿದ್ದಾರಾ ಅಂತ ಕೇಳುತ್ತಿದ್ದಾಳೆ’ ಎಂದ ಇಂಗ್ಲಿಷಿನಲ್ಲಿ. ‘ಇದ್ದಾರೆ ಅಂತ ಹೇಳಿ’ ಎಂದರು ವಕೀಲರು. ಪವನ ಫೋನಿನ ಕಡೆ ಬಗ್ಗಿ, ಅಜ್ಜಿಯ ಮನೆಯ ಕನ್ನಡದಲ್ಲಿ, ‘ಅದಾರ’ ಎಂದ. ನನ್ನ ಬಗ್ಗೆ ಅವನು ಬಹುವಚನ ಬಳಸಿದ್ದು ಅದೇ ಮೊದಲು.

ಕರೆ ಕಡಿದ ಮೇಲೆ ನಾನು ಮಾತಾಡಿದೆ. ನಾನು ಗಂಡಸರನ್ನು ಪ್ರೀತಿಸುವ ಗಂಡಸು, ನನ್ನನ್ನು ಕೇಳದೆ ನೀವು ಅದನ್ನು ಊರಿಗೆಲ್ಲ ಹಂಚಿದಿರಿ, ಈಗ ನಾನೇ ಹೇಳುತ್ತಿದ್ದೇನೆ ಎಂದೆ. ಗಾರ್ಡನ್ನು ಹಾಕಿದ್ದು ಯಾಕೆ, ಪ್ರಾಜೆಕ್ಟಿನಿಂದ ತೆಗೆದದ್ದು ಯಾಕೆ, ಎರಡಕ್ಕೂ ಕಾರಣ ಬರೆದು ಸಹಿ ಮಾಡಿ ಕೊಡಿ ಎಂದೆ. ಅಮರಯ್ಯನ ಹೆಸರು ಹೇಳಲಿಲ್ಲ. ವೈಸ್ ಪ್ರೆಸಿಡೆಂಟ್ ಗಡಿಯಾರ ನೋಡಿಕೊಂಡರು. ‘ಇಟ್ ಈಸ್ ನಾಟ್ ದಟ್ ಕೈಂಡ್ ಆಫ್ ಮೀಟಿಂಗ್’ ಎಂದರು.

ಆರೋಪ ಕೈಬಿಟ್ಟಿದ್ದಾರೆ. ಕೆಲಸ ಉಳಿದಿದೆ. ಪ್ರಾಜೆಕ್ಟ್ ವಾಪಸ್ ಬಂದಿಲ್ಲ.

ನಿನಗೆ ಏನಾಯಿತು?

ನರಹರಿ

•

ಪುಣೆ
19 ಆಗಸ್ಟ್ 2006

ಕಾಕಾ,

ಹುಬ್ಬಳ್ಳಿಯವರು ಬೇಡವೆಂದರು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಹೈದರಾಬಾದಿನಲ್ಲಿ ಏನೋ ಕಮಿಟಿ, ಗಂಡಸಿನ ವಿಷಯ ಎಂದಷ್ಟೇ ಗೊತ್ತಂತೆ. ಅಷ್ಟು ಸಾಕಲ್ಲ. ಅವ್ವ ವಾರವಿಡೀ ಮಾತು ಬಿಟ್ಟಿದ್ದಳು. ನಿನ್ನೆ ಫೋನ್ ಮಾಡಿ, ‘ಆ ಅಮರಯ್ಯನ ಕಡಿಂದ ಹೀರೀಕಾಯಿ ಚಟ್ನಿ ಹೆಂಗ ಮಾಡ್ತಾನಂತ ಕೇಳು, ಓಣಿ ತುಂಬ ವಾಸನಿ ಬರ್ತಿತ್ತು’ ಎಂದಳು. ಅದು ರಾಜಿಯೋ, ಬೈಗುಳವೋ ನನಗೆ ತಿಳಿಯಲಿಲ್ಲ. ಅವ್ವನಿಗೂ ತಿಳಿದಿರಲಿಕ್ಕಿಲ್ಲ.

ಪುಣೆಯ ಕೆಲಸ ಡಿಸೆಂಬರಿನವರೆಗೆ ಎಂದಿದ್ದರು. ಈಗ ಈ ತಿಂಗಳ ಕೊನೆಗೇ ಮುಗಿಸಿ ವಾಪಸ್ ಬರಲು ಮೇಲ್ ಬಂದಿದೆ. ಕಾರಣ ಬರೆದಿಲ್ಲ.

ಪಶ್ಚಾತ್ತಾಪವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದಾಗ ಇರುತ್ತದೆ, ಸ್ನಾನದ ಹೊತ್ತಿಗೆ ಹೋಗುತ್ತದೆ.

ಮತ್ತೆ, ಅದು, ಆ ದಿನ ಬ್ಯಾಗು ಇಡಿಸಿದ್ದು. ಹೋಗಿದೆ ಎಂದು ನಿಮಗೆ ಬರೆಯಬೇಕೆಂದಿದ್ದೆ. ಪೂರ್ತಿ ಹೋಗಿಲ್ಲ. ನಿಮ್ಮ ಮುಂದೆ ಬಂದಾಗ ನೋಡಬೇಕು.

ನಿರೀಕ್ಷಾ

•

ತಾರ್ನಾಕ
10 ಸೆಪ್ಟೆಂಬರ್ 2006

ನಿರೀಕ್ಷಾ,

ನೀನು ಊರಿಗೆ ಬಂದು ವಾರವಾಯಿತೆಂದು ಗೊತ್ತು. ಎರಡು ಗಲ್ಲಿಯ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದೇನೆ. ಬಾಗಿಲು ತಟ್ಟುವುದಕ್ಕಿಂತ ಇದು ಇಬ್ಬರಿಗೂ ಸಲೀಸು. ನೀನಾಗಿ ಬರುವವರೆಗೆ ನಾನು ಬರುವುದಿಲ್ಲ. ನೀನು ನೋಡಬೇಕು ಎಂದದ್ದನ್ನು ನಿನಗೆ ಬೇಕಾದಾಗ ನೋಡು.

ಕ್ಯಾಬಿನ ವಿಷಯ ನಿನಗೆ ಯಾರಾದರೂ ಹೇಳಿರಬಹುದು. ಕಂಪನಿ ದಾರಿ ಕಂಡುಹಿಡಿಯಿತು. ನಮ್ಮ ರೂಟಿನಿಂದ ಹೆಣ್ಣುಮಕ್ಕಳನ್ನೆಲ್ಲ ತೆಗೆದು ಬೇರೆ ಗಾಡಿಗೆ ಹಾಕಿದರು. ಹೆಣ್ಣುಮಕ್ಕಳಿಲ್ಲವೆಂದ ಮೇಲೆ ಗಾರ್ಡೂ ಬೇಕಿಲ್ಲ. ಪವನ ತಾನೇ ಬರೆದುಕೊಟ್ಟು ಬೇರೆ ಗಾಡಿಗೆ ಹೋದ. ಉಳಿದವನು ನಾನು. ಏಳು ಜನ ಕೂರುವ ಗಾಡಿ ಬೆಳಿಗ್ಗೆ ನನ್ನ ಮನೆ ಮುಂದೆ ಬಂದು ನಿಲ್ಲುತ್ತಿತ್ತು, ನನ್ನೊಬ್ಬನಿಗೆ. ನೆರೆಯವರು ನನಗೆ ಬಡ್ತಿ ಬಂತೆಂದು ತಿಳಿದರು. ‘ಈಗ ನಿಮಗೆ ಕಂಫರ್ಟಬಲ್ ಅಲ್ಲವೇ ಸರ್?’ ಎಂದು ಶ್ರೀಲತಾ ಲಿಫ್ಟಿನಲ್ಲಿ ಕೇಳಿದರು. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಬಟನ್‌ಗಳ ಫಲಕಕ್ಕೆ ಬೆನ್ನು ಹಚ್ಚಿ ನಿಂತಿದ್ದರು.

ಮಂಗಳವಾರ ಫ್ಲೋರ್ ಮೀಟಿಂಗ್ ಇತ್ತು. ಕೊನೆಯಲ್ಲಿ ಮ್ಯಾನೇಜರ್, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳುವುದು ವಾಡಿಕೆ. ನಾನು ಎದ್ದೆ. ನಾಳೆಯಿಂದ ಜನರಲ್ ಶಿಫ್ಟಿಗೆ ಸಿಟಿ ಬಸ್ಸಿನಲ್ಲಿ ಬರುತ್ತೇನೆ, ಯಾಕೆಂದರೆ ಈ ಕಂಪನಿ ಗಂಡಸನ್ನು ಪ್ರೀತಿಸುವ ಗಂಡಸಿಗೆ ಪ್ರತ್ಯೇಕ ಗಾಡಿ ಮಾಡಿದೆ, ಅದು ಸೌಕರ್ಯವಲ್ಲ, ಹೊರಗಿಡುವುದು; ನನ್ನ ಪ್ರಾಜೆಕ್ಟನ್ನು ಕಿತ್ತುಕೊಂಡದ್ದೂ ಅದಕ್ಕೇ, ಪುಣೆಯಿಂದ ನಿರೀಕ್ಷಾಳನ್ನು ವಾಪಸ್ ಕರೆಸಿದ್ದು ಅವಳು ನಿಜ ಹೇಳಿದ್ದಕ್ಕೆ ಎಂದೆ. ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳಿದೆ. ಅದಕ್ಕೆ ನೀನು ಬೈದರೆ ತಪ್ಪಲ್ಲ. ನೂರಾರು ಜನರಿದ್ದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿ, ಮೂರನೆಯ ಮಹಡಿಯ ಕಾಫಿ ಮಷೀನ್ ಯಾವಾಗ ರಿಪೇರಿ ಆಗುತ್ತದೆ ಎಂದು ಕೇಳಿದ. ಎಲ್ಲರೂ ಬದುಕಿದೆವೆಂಬಂತೆ ಅವನ ಕಡೆ ತಿರುಗಿದರು. ಅದಕ್ಕೆ ಉತ್ತರ ಸಿಕ್ಕಿತು. ನನಗೆ ಸಿಕ್ಕಿಲ್ಲ. ಮುಂದಿನ ತಿಂಗಳ ಮೀಟಿಂಗಿನಲ್ಲೂ ಏಳುತ್ತೇನೆ, ಅದರ ಮುಂದಿನದರಲ್ಲೂ. ತೆಗೆಯುವುದಾದರೆ ಈ ಸಲ ನಾನು ಏನಾಗಿದ್ದೇನೋ ಅದಕ್ಕಾಗಿಯೇ ತೆಗೆಯಬೇಕಾಗುತ್ತದೆ.

ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಎರಡು ಕಡೆ ಬದಲಾಯಿಸಬೇಕು. ಮೆಹದಿಪಟ್ನಂ ಆದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ನಿನ್ನೆ ಒಬ್ಬನ ಬೆವೆತ ಕಂಕುಳು ನನ್ನ ಮೂಗಿನ ಮಟ್ಟಕ್ಕೇ ಬಂದಿತ್ತು, ಇನ್ನೊಬ್ಬನ ಬಾಯಿಂದ ಗುಟ್ಕಾ ನಾರುತ್ತಿತ್ತು, ನನ್ನ ಮೊಣಕೈ ಯಾರದೋ ಹೊಟ್ಟೆಗೆ ಒತ್ತಿ ಆತ ‘ಜರಾ ಹಟೋ ಭಾಯಿ, ಇನ್ಸಾನ್ ಹೂಂ, ದೀವಾರ್ ನಹೀಂ’, ಸ್ವಲ್ಪ ಸರಿ, ನಾನು ಮನುಷ್ಯ, ಗೋಡೆಯಲ್ಲ ಎಂದು ಗದರಿದ. ನನಗೆ ಹೇಸಿಗೆಯಾಯಿತು. ಅವರಿಗೂ ಆಗಿರಬೇಕು. ಬಸ್ಸಿನಲ್ಲಿ ಎಲ್ಲರಿಗೂ ಎಲ್ಲರಿಂದ ಆಗುವಷ್ಟೇ.

ನರಹರಿ